ಮೂರನೇ ಸಾಲಿನ ಬೆಚ್ಚನೆಯ ದಿಂಬು

ಬೆಳಗಿನ ಐದೂವರೆ. ಚರ್ಚಿನ ಪಕ್ಕದ ಬಾಗಿಲಿನ ಬೀಗ ತೆಗೆದು ಒಳಗೆ ಬರುವ ಹತ್ತಿ ಮಾವ ದೀಪ ಹಾಕುವುದಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಹೆಗಲಿನ ಚೀಲವನ್ನು ಕೊನೆಯ ಬೆಂಚಿನ ಮೇಲಿಟ್ಟು, ಕತ್ತಲಲ್ಲೇ ಬಗ್ಗುತ್ತಾರೆ. ಪ್ರತಿ ಬೆಂಚಿನ ಮುಂದೆಯೂ ನೆಲದ ಮೇಲೆ ದಿಂಬುಗಳ ಸಾಲು. ಪ್ರಾರ್ಥನೆಗೆ ಬಂದವರು ಮಂಡಿಯೂರುವ ದಿಂಬುಗಳು. ಸಾಲಿಗೆ ಎಂಟರಂತೆ ಹದಿನಾಲ್ಕು ಸಾಲು, ಒಟ್ಟು ನೂರ ಹನ್ನೆರಡು. ಒಂದೊಂದರ ಮೇಲೂ ಬಲ ಅಂಗೈಯನ್ನು ಊರಿ, ಎರಡು ಉಸಿರಿನಷ್ಟು ಹೊತ್ತು ಒತ್ತಿ ಹಿಡಿದು, ಮುಂದಿನದಕ್ಕೆ ಸರಿಯುತ್ತಾರೆ. ಎಲ್ಲಿ ಹತ್ತಿ ಗಂಟುಕಟ್ಟಿದೆ, ಎಲ್ಲಿ ಹೊಲಿಗೆ ಬಿಟ್ಟಿದೆ ಎಂಬುದು ಅಂಗೈಗೆ ತಿಳಿಯುತ್ತದೆ. “ದೀಪ ಹಾಕಿದ್ರೆ ಕಣ್ಣು ಅಧಿಕಪ್ರಸಂಗ ಮಾಡುತ್ತೆ. ಕೈ ಹೇಳೋದು ಕೇಳ್ಸಲ್ಲ” ಎನ್ನುತ್ತಾರೆ.

ಹಿಂದಿನ ಸಾಲಿನಿಂದ ಶುರುವಾದ ಕೆಲಸ ಮುಂದಕ್ಕೆ ಸಾಗುತ್ತದೆ. ಕಲ್ಲಿನ ನೆಲ ಹಿಮದಂತೆ ತಣ್ಣಗಿದೆ. ಎಲ್ಲೋ ಒಂದು ಬೆಂಚು, ಯಾರೋ ಎದ್ದು ಹೋದ ಹಾಗೆ, ತನ್ನಷ್ಟಕ್ಕೆ ಕಿರ್ ಎನ್ನುತ್ತದೆ. ಹಳೆಯ ಮರ, ಚಳಿಗೆ ಹಾಗೆ ಮಾಡುತ್ತದೆ. ಅಂಗೈಗೆ ಸಿಗುವ ಪ್ರತಿ ದಿಂಬೂ ನೆಲದಷ್ಟೇ ತಣ್ಣಗೆ. ಹನ್ನೊಂದನೇ ಸಾಲು, ಎಂಟನೇ ಸಾಲು, ನಾಲ್ಕು. ಮೂರನೇ ಸಾಲಿಗೆ ಬಂದಾಗ ಮಾತ್ರ ಹತ್ತಿ ಮಾವ ಒಮ್ಮೆ ನಿಲ್ಲುತ್ತಾರೆ. ಪಂಚೆಗೆ ಕೈ ಒರೆಸಿಕೊಳ್ಳುತ್ತಾರೆ. ಎಡಗಡೆಯ ಗೋಡೆಗೆ ಅಂಟಿಕೊಂಡಂತಿರುವ ದಿಂಬಿನ ಮೇಲೆ ನಿಧಾನವಾಗಿ ಕೈ ಇಡುತ್ತಾರೆ.

ಅಲ್ಲಿ ಎರಡು ಗುಳಿಗಳಿವೆ. ಎಡಗಡೆಯದು ಆಳ, ಬಲಗಡೆಯದು ತೆಳು. ದಿಂಬು ಬೆಚ್ಚಗಿದೆ.

ಈಗಷ್ಟೇ ಯಾರೋ ಮಂಡಿ ಎತ್ತಿಕೊಂಡು ಹೋದಷ್ಟು ಬೆಚ್ಚಗೆ. ಹನ್ನೊಂದು ತಿಂಗಳಿನಿಂದ ದಿನವೂ ಹೀಗೇ. ಅವರು ಬೆಚ್ಚಿಬೀಳುವುದಿಲ್ಲ, ಶಿಲುಬೆಯ ಗುರುತೂ ಮಾಡಿಕೊಳ್ಳುವುದಿಲ್ಲ. ಎರಡು ಉಸಿರಿನ ಬದಲು ಹತ್ತು ಉಸಿರಿನಷ್ಟು ಹೊತ್ತು ಕೈಯನ್ನು ಅಲ್ಲೇ ಬಿಡುತ್ತಾರೆ, ಅಷ್ಟೆ.

ಹತ್ತಿ ಮಾವನಿಗೆ ಅರವತ್ತಮೂರು ವರ್ಷ. ಮಕ್ಕಳು ಮುದುಕರೆನ್ನದೆ ಎಲ್ಲರೂ ಕರೆಯುವುದು ಇದೇ ಹೆಸರಿನಿಂದ. ಹಾಸಿಗೆ ಕಟ್ಟುವವರ ಮನೆಯಲ್ಲಿ ಹುಟ್ಟಿದವರು. ಇಪ್ಪತ್ತೆರಡರ ಹರೆಯದಲ್ಲಿ, ಇಲಿ ಕಡಿದ ಹತ್ತು ದಿಂಬುಗಳನ್ನು ಸರಿಮಾಡಿ ಕೊಡಲು ಒಂದು ವಾರದ ಮಟ್ಟಿಗೆ ಚರ್ಚಿಗೆ ಬಂದರು. ಆ ವಾರ ಮುಗಿಯದೆ ನಲವತ್ತೊಂದು ವರ್ಷವಾಗಿದೆ. ಚರ್ಚಿನ ಹಿಂದಿನ ಕೋಣೆಯಲ್ಲಿ ಬಲಿಪೀಠದ ಬಟ್ಟೆಗಳನ್ನು ಒಗೆದು ಗಂಜಿ ಹಾಕುತ್ತಿದ್ದ ಹುಡುಗಿಯೊಬ್ಬಳು ಅದಕ್ಕೆ ಕಾರಣ. “ದಿಂಬು ಹತ್ತೇ ಹಾಳಾಗಿದ್ದು. ಹನ್ನೊಂದನೇದನ್ನ ನಾನೇ ಹರಿದೆ” ಎಂದು ಈಗಲೂ ನಾಚಿಕೊಂಡೇ ಹೇಳುತ್ತಾರೆ. ಆಕೆಯನ್ನು ಮದುವೆಯಾಗುವ ಸಲುವಾಗಿಯೇ ದೀಕ್ಷಾಸ್ನಾನ ಪಡೆದರು. ನಂಬಿಕೆಯ ಮಾತು ಕೇಳಿದರೆ, ಆಗ ತನಗೆ ಆಕೆಯ ಮೇಲಿದ್ದಷ್ಟು ನಂಬಿಕೆ ದೇವರ ಮೇಲೆ ಇರಲಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ.

ಕೆಲಸದ ಲೆಕ್ಕ ನೇರವಾಗಿದೆ. ದಿನಕ್ಕೆ ಎರಡು ದಿಂಬು. ಗವಸು ಬಿಚ್ಚಿ, ಹತ್ತಿ ಹೊರತೆಗೆದು, ಬಿಸಿಲಿಗೆ ಹರಡಿ, ಬೆರಳಲ್ಲೇ ಹಿಂಜಿ, ಮತ್ತೆ ತುಂಬಿ, ದಬ್ಬಣದಿಂದ ಬದಿಗೆ ನಲವತ್ತು ಹೊಲಿಗೆ ಹಾಕುವುದು. ನೂರ ಹನ್ನೆರಡು ಮುಗಿಯಲು ಐವತ್ತಾರು ದಿನ. ಐವತ್ತೇಳನೇ ದಿನ ಮತ್ತೆ ಮೊದಲನೆಯದು. ಯಾವುದರ ಸರದಿ ಯಾವತ್ತು ಎಂಬುದನ್ನು ದಿಂಬಿನ ಅಡಿಯಲ್ಲಿ ಸೀಮೆಸುಣ್ಣದ ಗೀಟು ಹೇಳುತ್ತದೆ. ಹೊಸದಾಗಿ ತುಂಬಿದ ದಿಂಬು ತಿಂಗಳೊಪ್ಪತ್ತು ಉಬ್ಬಿಕೊಂಡೇ ಇರುತ್ತದೆ. ಆಮೇಲೆ ಮಂಡಿಗಳು ತಮ್ಮ ಜಾಗ ಮಾಡಿಕೊಳ್ಳುತ್ತವೆ.

ಆ ಗುಳಿಗಳೇ ಹತ್ತಿ ಮಾವನಿಗೆ ಊರಿನ ಸಮಾಚಾರ. ಬಸ್ ಓಡಿಸುವವನ ಬಲಮಂಡಿ ಆಳ, ಬ್ರೇಕ್ ತುಳಿದು ತುಳಿದು. ನಿವೃತ್ತ ಹೆಡ್‌ಮಿಸ್ಟ್ರೆಸ್ಸಿನ ಗುಳಿಗಳು ಸ್ಕೇಲಿಟ್ಟು ಎಳೆದಂತೆ ಸಮ. ಒಂಬತ್ತನೇ ಸಾಲಿನ ಗಂಡ ಹೆಂಡಿರ ದಿಂಬುಗಳ ನಡುವೆ ಒಮ್ಮೆ ಗೇಣು ಜಾಗ ಬಿದ್ದಾಗ, ಅವರು ಜಗಳವಾಡಿದ್ದು ಅವರ ಮನೆಯ ಅತ್ತೆಗಿಂತ ಮೊದಲು ಇವರಿಗೆ ಗೊತ್ತಾಗಿತ್ತು. ಔಷಧಿ ಅಂಗಡಿಯವನ ಎಡಗುಳಿ ಸವೆಯುವುದು ನಿಂತಾಗ, ಡಾಕ್ಟರಿಗೆ ಕಾಲು ತೋರಿಸು ಎಂದು ಹೇಳಿ ಕಳಿಸಿದ್ದರು. ಸಕ್ಕರೆ ಕಾಯಿಲೆಯ ಹುಣ್ಣು ಅಲ್ಲಿ ಆಗಲೇ ಶುರುವಾಗಿತ್ತಂತೆ.

ಇಷ್ಟೆಲ್ಲ ಮಂಡಿಗಳ ಜಾತಕ ಓದುವ ಮನುಷ್ಯ ತಾನು ಮಾತ್ರ ಒಮ್ಮೆಯೂ ಮಂಡಿಯೂರಿದವರಲ್ಲ. ಪ್ರಾರ್ಥನೆ ನಡೆಯುವಾಗ ಬಾಗಿಲ ಬಳಿ ಕಂಬಕ್ಕೆ ಒರಗಿ ನಿಲ್ಲುವುದು ರೂಢಿ. ಯಾರಾದರೂ ಕೇಳಿದರೆ ಮಂಡಿ ನೋವು ಎನ್ನುವ ಸಬೂಬು. ಹೆಂಡತಿ ಬಿಡುತ್ತಿರಲಿಲ್ಲ. “ಊರಿಗೆಲ್ಲ ಹಾಸಿಗೆ ಹಾಸ್ಕೊಟ್ಟು, ನೀವು ನಿಂತ್ಕೊಂಡೇ ತೂಕಡಿಸ್ತೀರಲ್ಲ” ಎಂದು ಚುಚ್ಚುತ್ತಿದ್ದಳು. ತನಗೆ ಬೇಡಿಕೊಳ್ಳಲು ಬರುವುದಿಲ್ಲ, ದಿಂಬು ಒತ್ತುವಾಗ ಅದರ ಮೇಲೆ ಕೂರುವವರ ಮುಖ ನೆನಪಾಗುತ್ತದೆ, ಅವರಿಗೆ ಒಳ್ಳೆಯದಾಗಲಿ ಅನ್ನಿಸುತ್ತದೆ, ಅಷ್ಟೇ ಗೊತ್ತು ಎಂದು ಇವರು ಒಮ್ಮೆ ಹೇಳಿದಾಗ ಆಕೆ ನಕ್ಕಿದ್ದಳು. ಅದೂ ಪ್ರಾರ್ಥನೆಯೇ, ಆದರೆ ಯಾರ ಹತ್ತಿರ ಮಾತಾಡುತ್ತಿದ್ದೀರಿ ಎಂಬುದು ನಿಮಗಿನ್ನೂ ತಿಳಿದಿಲ್ಲ ಎಂದಿದ್ದಳು.

ಮೂರನೇ ಸಾಲಿನ ಗೋಡೆಬದಿಯ ದಿಂಬು ಆಕೆಯದು. ಬಲಗಾಲಿನ ಹಳೆಯ ಪೆಟ್ಟಿನಿಂದಾಗಿ ಭಾರವನ್ನೆಲ್ಲ ಎಡಕ್ಕೆ ಹಾಕಿ, ಗೋಡೆಗೆ ಭುಜ ತಾಗಿಸಿ ಮಂಡಿಯೂರುತ್ತಿದ್ದಳು. ಎಡಗುಳಿ ಆಳ, ಬಲಗುಳಿ ತೆಳು. ಮೂರು ವರ್ಷದ ಹಿಂದೆ, ಒಂದೇ ವಾರದ ಜ್ವರದಲ್ಲಿ, ಆಕೆ ತೀರಿಕೊಂಡಳು.

ಆಮೇಲೆ ನಡೆದದ್ದನ್ನು ಹೇಳುವಾಗ ಹತ್ತಿ ಮಾವ ದಬ್ಬಣವನ್ನು ಕೆಳಗಿಡುತ್ತಾರೆ. ಸಮಾಧಿಯಾದ ಮೂರನೇ ದಿನ ಮನೆಯಲ್ಲಿ ಕೂರಲಾಗದೆ ಕೆಲಸಕ್ಕೆ ಬಂದರು. ಸೀಮೆಸುಣ್ಣದ ಗೀಟು ನೋಡಿದರು. ಸರದಿಯ ದಿಂಬನ್ನು ಎತ್ತಿಕೊಂಡರು, ಗವಸು ಬಿಚ್ಚಿದರು, ಹತ್ತಿ ಹೊರಗೆಳೆದು ಬಿಸಿಲಿಗೆ ಹಾಕಿದರು, ಹಿಂಜಿದರು, ತುಂಬಿದರು. ಕೈಗೆ ಮೂವತ್ತೆಂಟು ವರ್ಷದ ಅಭ್ಯಾಸ. ತಲೆ ಎಲ್ಲೋ ಇತ್ತು. ಕೊನೆಯ ಗಂಟು ಹಾಕಿ ಹಲ್ಲಿನಲ್ಲಿ ದಾರ ಕಚ್ಚುವಾಗಲಷ್ಟೇ ಅದು ಯಾರ ದಿಂಬು ಎಂದು ಹೊಳೆದದ್ದು. ಆಕೆಯ ಮಂಡಿಯ ಗುರುತು ಪ್ರಪಂಚದಲ್ಲಿ ಅದೊಂದೇ ಉಳಿದಿತ್ತು. ಅದನ್ನು ಸ್ವಂತ ಕೈಯಾರೆ ಉಬ್ಬಿಸಿ, ಸಮ ಮಾಡಿ, ನಲವತ್ತು ಹೊಲಿಗೆ ಹಾಕಿ ಮುಚ್ಚಿದ್ದರು.

ಮಗಳು ಆ ಸಂಜೆ ಚರ್ಚಿಗೆ ಬಂದಿದ್ದಳು. ಅವಳು ಹಾಲಿನ ಪ್ಯಾಕೆಟ್ ತುಂಬುವ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯಲ್ಲಿ ದುಡಿಯುವವಳು, ಇಪ್ಪತ್ತೊಂಬತ್ತು ವರ್ಷ, ಅಪ್ಪನಿಗೆ ಇನ್ನೂ ಪುಟ್ಟಿ. ಅಮ್ಮನ ಗುಳಿಯ ಮೇಲೆ ಕೈಯಿಟ್ಟು ಕೂರಬೇಕೆಂದು ಬಂದವಳ ಕೈಗೆ ಹೊಸ ಹತ್ತಿಯ ಉಬ್ಬು ಸಿಕ್ಕಿತು. ಕೂಗಾಡಲಿಲ್ಲ. “ಅದನ್ನೂ ತುಂಬ್ಬಿಟ್ರಾ ಅಪ್ಪಾ” ಎಂದಳು. ಅಂದಿನಿಂದ ಚರ್ಚಿನ ಮೆಟ್ಟಿಲು ಹತ್ತಲಿಲ್ಲ.

ಅಂಗಡಿಯೊಂದರ ಮೇಲಿನ ಎರಡು ಕೋಣೆಯ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ಮಾತು ನಿಂತಿತೆಂದಲ್ಲ. ಊಟ ಆಯಿತಾ, ಮಾತ್ರೆ ತೆಗೆದುಕೊಂಡಿರಾ, ಗ್ಯಾಸ್ ಮುಗಿಯುತ್ತಾ ಬಂತು. ಅಷ್ಟರಲ್ಲಿ ಎರಡು ವರ್ಷ ಕಳೆದವು. ಒಂದೇ ನೀರಿನ ಹೂಜಿಯಿಂದ ಕುಡಿಯುತ್ತ, ಒಬ್ಬರ ಲೋಟ ಇನ್ನೊಬ್ಬರು ತೊಳೆಯುತ್ತ, ಇಬ್ಬರೂ ಆ ದಿಂಬಿನ ವಿಷಯವನ್ನು ತಪ್ಪಿಸಿಕೊಂಡು ಓಡಾಡಿದರು.

ಕಳೆದ ವರ್ಷ, ಆಕೆ ಹೋದ ಎರಡನೇ ವರ್ಷದ ದಿನ ಹತ್ತಿರವಾದಾಗ, ಮೊದಲ ಬಾರಿಗೆ ಆ ದಿಂಬು ಅಂಗೈಗೆ ಬೆಚ್ಚಗೆ ಸಿಕ್ಕಿತು. ಹಿಂದಿನ ದಿನವಷ್ಟೇ ತುಂಬಿದ್ದ ದಿಂಬು. ಬೆಳಗಾಗುವಷ್ಟರಲ್ಲಿ ಎರಡು ಗುಳಿ, ಎಡಗಡೆಯದು ಆಳ. ಗವಸಿನ ಮೇಲೆ ಗಂಜಿಯ, ನೀಲಿಯ ಒಂದು ಸಣ್ಣ ವಾಸನೆ. ಹಿಂದಿನ ಕೋಣೆಯಲ್ಲಿ ಈಗ ಯಾರೂ ಬಟ್ಟೆಗೆ ಗಂಜಿ ಹಾಕುವುದಿಲ್ಲ. ಎಲ್ಲ ಹೊರಗಿನ ಲಾಂಡ್ರಿಗೆ ಹೋಗುತ್ತದೆ. ಹತ್ತಿ ಮಾವ ಬಾಗಿಲುಗಳನ್ನು ನೋಡಿದರು, ಎಲ್ಲಕ್ಕೂ ಬೀಗ. ಹತ್ತಿಗೆ ಶೀತ ಹಿಡಿದಿರಬೇಕೆಂದು ಬಿಚ್ಚಿ ಮತ್ತೆ ತುಂಬಿದರು. ಮಾರನೆಯ ಬೆಳಗ್ಗೆ ಮತ್ತೆ ಗುಳಿ. ಒಂಬತ್ತು ದಿನ ಬಿಡದೆ ತುಂಬಿದರು. ಒಂಬತ್ತು ದಿನವೂ ಬೆಳಗಿನ ಹೊತ್ತಿಗೆ ಅದು ಇಳಿದಿತ್ತು, ಬೆಚ್ಚಗಿತ್ತು.

ಹತ್ತನೇ ದಿನ ಪಾದ್ರಿಗಳಿಗೆ ಹೇಳಿದರು. ಪಾದ್ರಿಗಳು ವಯಸ್ಸಿನಲ್ಲಿ ಇವರಿಗೆ ಮಗನಂತಿರುವವರು, ಗಂಭೀರವಾಗಿಯೇ ತಮಾಷೆ ಮಾಡುವ ಸ್ವಭಾವ. ದಿಂಬಿನ ಮೇಲೆ ಕೈಯಿಟ್ಟು ನೋಡಿದರಂತೆ. “ಮಾವ, ಮಂಡಿಯೂರೋರು ಕಮ್ಮಿ ಆಗ್ತಿರೋ ಕಾಲ ಇದು. ಯಾರೋ ಬರ್ತಿದ್ದಾರೆ ಅಂದ್ರೆ ಬೇಡ ಅನ್ನೋಕೆ ನಾನ್ಯಾರು” ಎಂದರಂತೆ. ನಕ್ಕರು, ಆದರೆ ತೆಗೆದ ಕೈಯನ್ನು ಇನ್ನೊಂದು ಕೈಯಲ್ಲಿ ಮುಚ್ಚಿ ಹಿಡಿದುಕೊಂಡೇ ಮನೆಗೆ ಹೋದರು.

ಚರ್ಚಿಗೆ ಮೂರು ಕೀಲಿಕೈ. ಒಂದು ಪಾದ್ರಿಗಳ ಬಳಿ, ಒಂದು ಹತ್ತಿ ಮಾವನ ಸೊಂಟದಲ್ಲಿ, ಮೂರನೆಯದು ತೀರಿಕೊಂಡ ಹೆಂಡತಿಯದು. ಅದು ಮನೆಯಲ್ಲಿ ಅಡುಗೆ ಕೋಣೆಯ ಮೊಳೆಗೆ ನೇತುಬಿದ್ದಿರುತ್ತದೆ. ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಮೂರನೇ ಸಾಲಿನಲ್ಲಿ ಬಗ್ಗಿದ್ದಾಗ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು: ಹಾಲಿನ ವಾಸನೆ. ಮಗಳ ಕೆಲಸದ ಕೋಟಿಗೆ ಎಷ್ಟು ಒಗೆದರೂ ಹೋಗದ ವಾಸನೆ ಅದು. ಮಾರನೆಯ ದಿನ ಐದು ಗಂಟೆಗೆ, ಅವಳು ಪಾಳಿಗೆ ಹೊರಟುಹೋದ ಮೇಲೆ, ಅಡುಗೆ ಕೋಣೆಗೆ ಹೋಗಿ ನೋಡಿದರು. ಮೊಳೆ ಖಾಲಿಯಿತ್ತು.

ಮೊಳೆಯನ್ನು ನೋಡುತ್ತ ಅಲ್ಲೇ ನೆಲದ ಮೇಲೆ ಕೂತುಬಿಟ್ಟರಂತೆ. ಪುಟ್ಟಿ ಪಾಳಿಗೆ ಹೋಗುವ ಮುನ್ನ ಚರ್ಚಿಗೆ ಹೋಗುತ್ತಿದ್ದಾಳೆ, ಅಮ್ಮನ ಜಾಗದಲ್ಲಿ ಮಂಡಿಯೂರುತ್ತಿದ್ದಾಳೆ, ಚಿಕ್ಕಂದಿನಲ್ಲಿ ಅಮ್ಮನಿಗೆ ಅಂಟಿಕೊಂಡು ಕೂತು ಕೂತು ಅವಳಿಗೂ ಎಡಕ್ಕೆ ವಾಲುವ ಅಭ್ಯಾಸವಾಗಿರಬೇಕು. ಎಲ್ಲ ಹೊಂದಿಕೊಂಡಿತು. ಆದರೂ ಕೇಳಲು ಹೆದರಿದರು. “ಕಿಟಕಿಗೆ ಹಕ್ಕಿ ಬಂದು ಕೂತಾಗ ಉಸಿರು ಬಿಗಿ ಹಿಡ್ಕೊಳ್ತೀವಲ್ಲ, ಹಂಗೆ ಇದ್ದೆ. ಮಾತಾಡಿದ್ರೆ ಹಾರಿಹೋದ್ರೆ?” ಆ ದಿಂಬಿಗೆ ಸೀಮೆಸುಣ್ಣದ ಗೀಟು ಹಾಕುವುದನ್ನು ಅಂದಿನಿಂದ ಬಿಟ್ಟರು. ನೂರ ಹನ್ನೊಂದು ದಿಂಬು ತುಂಬಿದರು, ಒಂದನ್ನು ಮುಟ್ಟಿ ಮಾತ್ರ ನೋಡಿದರು.

ಮೌನ ಮುರಿಸಿದ್ದು ಸ್ಪಂಜು. ಕಳೆದ ತಿಂಗಳು ಚರ್ಚಿನ ಸಮಿತಿಯವರು ಹತ್ತಿಯ ದಿಂಬುಗಳನ್ನೆಲ್ಲ ತೆಗೆದು, ಒಬ್ಬರು ಧರ್ಮಕ್ಕೆ ಕೊಡಿಸಲಿರುವ ಸ್ಪಂಜಿನ ದಿಂಬುಗಳನ್ನು ಹಾಕುವುದೆಂದು ತೀರ್ಮಾನಿಸಿದರು. ಸ್ಪಂಜು ಒತ್ತಿದರೆ ಇಳಿಯುತ್ತದೆ, ಕೈ ತೆಗೆದರೆ ಏಳುತ್ತದೆ. ಯಾರು ಮಂಡಿಯೂರಿ ಹೋದರೂ ಗುರುತು ಹಿಡಿದಿಟ್ಟುಕೊಳ್ಳುವುದಿಲ್ಲ. ಅದನ್ನೇ ಗುಣವೆಂದು ಸಮಿತಿಯವರು ಅಂಗಡಿಯ ಚೀಟಿಯಿಂದ ಓದಿ ಹೇಳಿದರು. ತನ್ನ ಕೆಲಸ ಹೋಗುವುದಕ್ಕೆ ಹತ್ತಿ ಮಾವ ಅಷ್ಟೇನೂ ಅಲ್ಲಾಡಲಿಲ್ಲ. ಮಗಳು ಬೆಳಗ್ಗೆ ಬಂದು ಆ ಜಾಗದಲ್ಲಿ ಸ್ಪಂಜು ನೋಡಿದರೆ ಏನಾಗಬಹುದೆಂದು ಎದೆ ಒಡೆಯಿತು. ಒಂದು ಸಲ ಅಳಿಸಿದ ಗುರುತನ್ನು ಎರಡನೇ ಸಲ ಅಳಿಸಿದ ಅಪ್ಪ ಆಗಿಬಿಡುತ್ತೇನೆ ಎಂಬ ಭಯ.

ಸಂಜೆ ಅವಳು ಪಾತ್ರೆ ತೊಳೆಯುತ್ತಿದ್ದಳು. ಹತ್ತಿ ಮಾವ ಬಾಗಿಲಲ್ಲಿ ನಿಂತು, ಅಮ್ಮನ ದಿಂಬನ್ನು ಮನೆಗೆ ತಂದುಬಿಡಲೇ, ಇಲ್ಲೇ ಮಂಡಿಯೂರುವೆಯಂತೆ ಎಂದು ಕೇಳಿದರು. ಅವಳ ಕೈ ನಿಂತಿತು. ತಾನು ಹೋಗುತ್ತಿರುವುದು ಅಪ್ಪನಿಗೆ ಗೊತ್ತೆಂದು ಅವಳಿಗೆ ಗೊತ್ತಿರಲಿಲ್ಲ.

“ಹೋಗ್ತಿದ್ದೀನಿ, ನಿಜ” ಎಂದಳು. “ಆದ್ರೆ ನಾನು ಅಮ್ಮನ ದಿಂಬಿನ ಮೇಲೆ ಒಂದಿನಾನೂ ಮಂಡಿ ಇಟ್ಟಿಲ್ಲ ಅಪ್ಪಾ. ಪಕ್ಕದ್ದರ ಮೇಲೆ ಕೂರ್ತೀನಿ. ಆ ಗುಳಿ ನಿಮ್ದಲ್ವಾ?”

ಅಮ್ಮನ ವರ್ಷದ ದಿನ ಒಮ್ಮೆ ನೋಡಿ ಬರೋಣವೆಂದು ಅವಳು ಮೊದಲು ಹೋದಾಗಲೇ ಗುಳಿ ಇತ್ತಂತೆ. ಹುಟ್ಟಿದಾಗಿನಿಂದ ಮಂಡಿಯೂರದ ಅಪ್ಪ, ಮಾಡಿದ ತಪ್ಪಿಗೆ, ದಿನವೂ ಕದ್ದು ಬಂದು ಎಡಕ್ಕೆ ವಾಲಿ ಕೂತು ಅಮ್ಮನ ಗುರುತನ್ನು ವಾಪಸ್ಸು ಮಾಡುತ್ತಿದ್ದಾರೆ ಎಂದುಕೊಂಡಿದ್ದಳು. ಆ ಒಂದು ಯೋಚನೆಗೇ ಅವಳ ಸಿಟ್ಟು ಕರಗಿತ್ತು. ಅಪ್ಪನಿಗೆ ನಾಚಿಕೆಯಾಗಬಾರದೆಂದು ಬಾಯಿಬಿಟ್ಟಿರಲಿಲ್ಲ. ದಿನವೂ ಪಕ್ಕದಲ್ಲಿ ಕೂತು, ಅಪ್ಪನಿಗಾಗಿ, ಅಮ್ಮನಿಗಾಗಿ ಬೇಡಿಕೊಂಡು ಹೋಗುತ್ತಿದ್ದಳು.

“ನಾನಲ್ಲ ಪುಟ್ಟಿ” ಎಂದರು ಹತ್ತಿ ಮಾವ.

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಯಾರೂ ನಿಲ್ಲಿಸಲಿಲ್ಲ.

ಮಾರನೆಯ ಬೆಳಗ್ಗೆ ಇಬ್ಬರೂ ಒಟ್ಟಿಗೆ ಹೋದರು. ರಾತ್ರಿಯೆಲ್ಲ ಎರಡೂ ಕೀಲಿಕೈ ಇವರ ಬಳಿಯೇ ಇದ್ದವು. ಪಾದ್ರಿಗಳು ಎರಡು ದಿನದಿಂದ ಊರಲ್ಲಿರಲಿಲ್ಲ. ಮಗಳು ಮೊದಲು ತನ್ನ ದಿಂಬನ್ನು ಮುಟ್ಟಿದಳು. ತಣ್ಣಗಿತ್ತು. ಆಮೇಲೆ ಗೋಡೆಬದಿಯದನ್ನು ಮುಟ್ಟಿ, ಅಪ್ಪನ ಕೈ ಹಿಡಿದು ತಂದು ಅಲ್ಲಿಟ್ಟಳು. ಕತ್ತಲಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಮುಂದೆ ಎಲ್ಲೋ ಬೆಂಚು ಕಿರ್ ಎಂದಿತು. ಹಾಗೇ ಮಗಳು ತನ್ನ ಜಾಗದಲ್ಲಿ ಕೂತಳು. ಅವಳ ಪಕ್ಕದ ಮೂರನೇ ದಿಂಬಿನ ಮೇಲೆ, ಬೆಂಚಿನ ತುದಿ ಹಿಡಿದು, ಒಂದೊಂದೇ ಕಾಲು ಮಡಚಿ, ನಲವತ್ತೊಂದು ವರ್ಷದಲ್ಲಿ ಮೊದಲ ಸಲ ಹತ್ತಿ ಮಾವ ಮಂಡಿಯೂರಿದರು.

ಏನು ಬೇಡಿಕೊಂಡಿರಿ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಮೊದಲು ಗಮನಕ್ಕೆ ಬಂದದ್ದು ಕೆಲಸದ ಸಂಗತಿಯೇ. “ಅಂಚಲ್ಲಿ ಒತ್ತುತ್ತೆ ಕಣ್ರೀ. ನನ್ನ ಹೊಲಿಗೆ ಗಟ್ಟಿ, ಮೂಳೆಗೆ ಚುಚ್ಚುತ್ತೆ. ಇಷ್ಟು ವರ್ಷ ದಿಂಬನ್ನ ಮೇಲಿಂದಾನೇ ನೋಡಿದ್ದು ನಾನು. ಒಬ್ರೂ ಹೇಳ್ಲಿಲ್ಲ.” ಹೊರಗೆ ಬಂದು ಮಗಳಿಗೆ ಹೇಳಿದಾಗ ಅವಳು ನಕ್ಕಳು. ಅಮ್ಮ ಅದನ್ನು ಮನೆಯಲ್ಲಿ ನನ್ನ ಹತ್ತಿರ ಹೇಳುತ್ತಿದ್ದಳು, ಬೇಜಾರಾದೀತೆಂದು ನಿಮ್ಮ ಹತ್ತಿರ ಹೇಳಲಿಲ್ಲ ಎಂದಳು. ಮೂರು ವರ್ಷದಲ್ಲಿ ಆ ಮನೆಯ ಮಂದಿ ಒಟ್ಟಿಗೆ ನಕ್ಕದ್ದು ಅದೇ ಮೊದಲು. ನಗುತ್ತಲೇ ಇವರ ಕಣ್ಣು ತುಂಬಿತು. ಇಡೀ ಆಯಸ್ಸು ನೋವನ್ನು ಬಾಯಿಬಿಡದೆ ತನ್ನ ಹೊಲಿಗೆಯ ಮೇಲೆ ಮಂಡಿಯೂರಿದವಳು, ಯಾರ ಹತ್ತಿರ ಮಾತಾಡುತ್ತಿದ್ದಳೋ ಆತನ ಹತ್ತಿರ ಈಗ ತನಗೂ ಒಂದು ಮಾತಿದೆ ಅನ್ನಿಸಿತಂತೆ. ದಿನವೂ ಬೆಳಗ್ಗೆ ಆ ಮಾತನ್ನು ಸ್ವಲ್ಪ ಸ್ವಲ್ಪ ಹೇಳುತ್ತಿದ್ದಾರೆ. ಇನ್ನೂ ಮುಗಿದಿಲ್ಲ.

ಸ್ಪಂಜಿನ ದಿಂಬುಗಳು ಮುಂದಿನ ತಿಂಗಳು ಬರುತ್ತವೆ. ಅಳತೆ ತೆಗೆಯಲು ಬಂದವನು ನೂರ ಹನ್ನೆರಡು ಎಂದು ಬರೆದುಕೊಂಡಿದ್ದ. ಪಾದ್ರಿಗಳು ಅದನ್ನು ಹೊಡೆದು ನೂರ ಒಂಬತ್ತು ಮಾಡಿದರು. ಮೂರು ಯಾಕೆ ಕಮ್ಮಿ ಎಂದು ಸಮಿತಿಯವರು ಕೇಳಿದ್ದಕ್ಕೆ, ಮೂರನೇ ಸಾಲಿನ ಆ ಮೂವರಿಗೆ ಸ್ಪಂಜು ಆಗಿಬರುವುದಿಲ್ಲ ಎಂದರು. ಮೂವರು ಎಂದರೆ ಯಾರು ಎಂದು ಯಾರೂ ಮುಂದೆ ಕೇಳಲಿಲ್ಲ.

ಇವತ್ತು ಹಿಂದಿನ ಕೋಣೆಯ ಕಿಟಕಿಯಿಂದ ಬಿಸಿಲು ಬಿದ್ದ ಜಾಗದಲ್ಲಿ ಹಳೆಯ ಸೀರೆಯ ಮೇಲೆ ಹತ್ತಿ ಹರಡಿದೆ. ಗೋಡೆಬದಿಯ ದಿಂಬಿನ ಹತ್ತಿ. ಒಂಬತ್ತು ತಿಂಗಳಿನಿಂದ ಮುಟ್ಟದೆ ಬಿಟ್ಟಿದ್ದನ್ನು ಅಪ್ಪ ಮಗಳು ಕೂಡಿ ಬಿಚ್ಚಿದ್ದಾರೆ. ಪಾಳಿ ಮುಗಿಸಿ ಬಂದ ಮಗಳು ದಬ್ಬಣಕ್ಕೆ ದಾರ ಪೋಣಿಸಿ ಕೊಡುತ್ತಾಳೆ; ಇವರಿಗೆ ಈಗ ದಾರ ಕಾಣುವುದಿಲ್ಲ. ಅಂಚಿನ ಹೊಲಿಗೆಯನ್ನು ಇವರು ಒಳಕ್ಕೆ ಮಡಚಿ, ಬೆರಳಲ್ಲಿ ತಡವಿ, ಮತ್ತೆ ಬಿಚ್ಚಿ, ಇನ್ನಷ್ಟು ಮೆತ್ತಗೆ ಮಾಡುತ್ತಾರೆ. ಗುರುತು ಹೋಗುತ್ತದಲ್ಲ, ಭಯವಿಲ್ಲವೇ ಎಂದರೆ ಮಗಳು ಅಪ್ಪನ ಮುಖ ನೋಡುತ್ತಾಳೆ.

“ಹೋಗ್ಲಿ. ಬೆಳಗ್ಗೆಗೆ ಬಂದಿರುತ್ತೆ” ಎನ್ನುತ್ತಾರೆ ಹತ್ತಿ ಮಾವ. ಕೊನೆಯ ಗಂಟು ಹಾಕಿ, ಹಲ್ಲಿನಲ್ಲಿ ದಾರ ಕಚ್ಚಿ, ದಿಂಬನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಒತ್ತುತ್ತಾರೆ. “ಬರೋರು ಯಾರಾದ್ರೂ ಆಗ್ಲಿ, ನಾನು ಕೇಳಕ್ಕೆ ಹೋಗಲ್ಲ. ಈ ಸಲ ನೋಯಬಾರ್ದು, ಅಷ್ಟೆ.”